ಬೊಗ್ಗು ಎಂಬ ನೀರುನಾಯಿ

ಆ ಪ್ರಾಣಿಗೆ ‘ನೀರುನಾಯಿ’ ಎಂದು ಹೆಸರಿಟ್ಟವರ ಮೇಲೆ ನನಗೆ ಈಗಲೂ ಸಿಟ್ಟಿದೆ. ನಾಯಿಗೂ ಅದಕ್ಕೂ ಯಾವ ನಂಟು? ಬೆರಳುಗಳ ನಡುವೆ ಬಾತುಕೋಳಿಯಂತೆ ಚರ್ಮ, ತಹಶೀಲ್ದಾರರಂಥ ಮೀಸೆ, ಬಾಲವೋ ದೋಣಿಯ ಚುಕ್ಕಾಣಿ. ಹೆಸರಿಟ್ಟ ಪುಣ್ಯಾತ್ಮ ಆಚೆ ದಡದಿಂದ, ಅದೂ ಮುಸ್ಸಂಜೆಯಲ್ಲಿ ನೋಡಿರಬೇಕು. ನಾನಾದರೋ ಅದನ್ನು ಮಡಿಲಲ್ಲಿಟ್ಟು ಸಾಕಿದವಳು. ಹಾಗೆಂದು ನಾನಿಟ್ಟ ಹೆಸರೂ ಘನವಾದದ್ದೇನಲ್ಲ: ಬೊಗ್ಗು. ನಮ್ಮ ಕಡೆ ಎರಡು ನಾಯಿಗಳಿದ್ದರೆ ಒಂದರ ಹೆಸರು ಅದೇ.

ಐವತ್ತರ ದಶಕದ ಕೊನೆ. ಹೆಜಮಾಡಿಯ ಹೊಳೆದಂಡೆಯಲ್ಲಿ ನಮ್ಮ ಮನೆ. ಅಪ್ಪನಿಗೆ ಒಂದು ದೋಣಿ. ನೆರೆಯಲ್ಲಿ ತೇಲಿಬಂದ ಮರಿಯನ್ನು ಅವರೇ ಎತ್ತಿ ತಂದಿದ್ದರು. ಆಡಿನ ಹಾಲಿನಲ್ಲಿ ಬಟ್ಟೆ ಅದ್ದಿ ನಾನು ಚೀಪಿಸಿದೆ. ಬೆಳೆದ ಮೇಲೆ ಅದು ನನ್ನ ಹಿಂದೆ ಶಾಲೆಯ ಮೆಟ್ಟಿಲವರೆಗೂ ಬರುತ್ತಿತ್ತು, ಅಜ್ಜಿಯ ಬುಟ್ಟಿಯಿಂದ ಬಂಗುಡೆ ಎಗರಿಸುತ್ತಿತ್ತು. “ಹಾಳಾದ್ದು! ಇದಕ್ಕೆ ಹೊಳೆಯಲ್ಲಿ ಮೀನು ಕಾಣುವುದಿಲ್ವಾ?” ಎಂದು ಅಜ್ಜಿ ದಿನವೂ ಅಂಗಳ ಗುಡಿಸುವ ಹಿಡಿಸೂಡಿ ಬೀಸುತ್ತಿದ್ದರು. ಅದು ಬೊಗ್ಗುವಿಗೆ ತಾಗಿದ್ದನ್ನು ಮಾತ್ರ ನಾನು ನೋಡಿಲ್ಲ.

ಹೀಗಿರುವಾಗ ಚರ್ಮದ ವ್ಯಾಪಾರಿಯೊಬ್ಬ ಬಂದ. ಜಗಲಿಯಲ್ಲಿ ಕುಳಿತು, ಅಂಗಡಿಯಲ್ಲಿ ಸೀರೆಯ ಸೆರಗು ಸವರುವವರ ಹಾಗೆ ಬೊಗ್ಗುವಿನ ಬೆನ್ನು ಸವರಿದ. “ಒಳ್ಳೆಯ ಮಾಲು. ಕೊಡುವುದುಂಟಾ?”

ಅಪ್ಪ ಸುಮ್ಮನಿದ್ದರು. ದೋಣಿಯ ಹಲಗೆ ಒಡೆದಿದ್ದ ವರ್ಷ ಅದು. ಆ ಮೌನದ ಅರ್ಥ ಈಗ ನನಗೆ ಗೊತ್ತು. ಗೊತ್ತಾದರೂ ಸಿಟ್ಟು ಇಳಿದಿಲ್ಲ. ನಾನು ಬೊಗ್ಗುವನ್ನು ಅವಚಿಕೊಂಡು “ಕೊಡುವುದಿಲ್ಲ” ಎಂದು ಕಿರುಚಿದೆ. ವ್ಯಾಪಾರಿ ನಕ್ಕ. “ಒಂದು ಕಾಡುಪ್ರಾಣಿಗೆ ಎಂತ ಮಾರಾಯ್ತಿ ಇಷ್ಟು ಗಲಾಟೆ?”

ಒಳಗಿನಿಂದ ಅಜ್ಜಿ ಬಂದರು. “ಮೊದಲು ನಿನ್ನ ಚರ್ಮಕ್ಕೆ ಎಷ್ಟು ಸಿಗುತ್ತದೆ ಹೇಳು! ಏಳು ನನ್ನ ಜಗಲಿಯಿಂದ!” ಆತ ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಅಂಗಳ ದಾಟಿದ. ಅಜ್ಜಿ ಮಗನತ್ತ ತಿರುಗಿದರು. “ನಿನಗೆ ಬಾಯಿ ಇಲ್ವಾ?” ಊಟಕ್ಕೆ ಕುಳಿತಾಗ ಅಪ್ಪ ತಮ್ಮ ಪಾಲಿನ ಮೀನನ್ನು ಬೊಗ್ಗುವಿಗೆ ಹಾಕಿದರು. ಆದರೂ ನಾನು ಬಹಳ ದಿನ ಅವರೊಡನೆ ಮಾತಾಡಲಿಲ್ಲ.

ಮುಂದಿನ ಮಳೆಗಾಲ ಕಳೆದ ಮೇಲೆ ಹೊಳೆಯಲ್ಲಿ ಇನ್ನೊಂದು ನೀರುನಾಯಿ ಕೂಗಿತು. ಬೊಗ್ಗು ನನ್ನ ಕಾಲಬುಡದಿಂದಲೇ ನೀರಿಗೆ ಹಾರಿತು. ತಿರುಗಿಯೂ ನೋಡಲಿಲ್ಲ, ಮತ್ತೆ ಬರಲೂ ಇಲ್ಲ. “ಉಪಕಾರ ಗೊತ್ತಿಲ್ಲದ್ದು!” ಎಂದು ನಾನು ಅಳುತ್ತಾ ಬೈದೆ.

ಅಜ್ಜಿ ನನ್ನ ಮೇಲೆಯೇ ಹರಿಹಾಯ್ದರು: “ನಿನ್ನ ಅಮ್ಮ ಮದುವೆಯಾಗಿ ತವರು ಎರ್ಮಾಳಿನಿಂದ ಹೊರಡುವಾಗ ತಿರುಗಿ ನೋಡುತ್ತಲೇ ನಿಂತಿದ್ದರೆ ನೀನು ಎಲ್ಲಿರುತ್ತಿದ್ದೆ?”

ಆ ಸಂಜೆ ಅಜ್ಜಿ ಮೀನು ಕೊಯ್ಯಲು ಕುಳಿತರು. ಪಕ್ಕದಲ್ಲಿ ಹೊಂಚು ಹಾಕುವವರು ಯಾರೂ ಇಲ್ಲ. ಕತ್ತಿ ಮೊಂಡಾಗಿದೆ ಎಂದು ಕತ್ತಿಯನ್ನು ಬೈದರು; ಬೂತಾಯಿ ಮೀನು ಬಡಕಲು ಎಂದು ಬೂತಾಯಿಯನ್ನು ಬೈದರು. ಕೊನೆಗೆ ಬೈಯಲು ಏನೂ ಉಳಿಯದೆ, ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡರು.