ಒಂದೇ ಹೂವಿಗೆ ಮೂರು ಪ್ರಶ್ನೆ

ಹೂ ಬಲಕ್ಕೆ ಬಿದ್ದಿದ್ದು ಫ್ಯಾನಿನ ಗಾಳಿಗೆ. ದೇವಿ ಏನೂ ಹೇಳಲಿಲ್ಲ. ನಾನು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದೆ, ಕಣ್ಣಾರೆ ನೋಡಿದೆ. ಸೆಕೆ ಅಂತ ನನ್ನ ಮಗ ನಾಗರಾಜನೇ ಪೂಜಾರಪ್ಪನಿಗೆ ಹೇಳಿ ಫ್ಯಾನ್ ಹಾಕಿಸಿದ. ಫ್ಯಾನು ಗರಗರ ಅಂತ ತಿರುಗಿತು, ದೇವಿಯ ಭುಜದ ಮೇಲಿದ್ದ ಸೇವಂತಿಗೆ ಜಾರಿತು. ನಡೆದದ್ದು ಇಷ್ಟೇ. ಮಿಕ್ಕಿದ್ದೆಲ್ಲ ನಮ್ಮ ಮನೆಯವರು ತಾವೇ ಸೇರಿಸಿಕೊಂಡದ್ದು.

ನನಗೆ ಭಕ್ತಿ ಇಲ್ಲ ಅಂದುಕೊಳ್ಳಬೇಡಿ. ದೀಪ ಹಚ್ಚದೆ ನಾನು ಚಾ ಕುಡಿದವಳಲ್ಲ. ಆದರೆ ದೇವಿಗೂ ಅವಳದೇ ಕೆಲಸ ಅಂತ ಇರುತ್ತದೆ. ಮಳೆ ನೋಡಬೇಕು, ಬೆಳೆ ನೋಡಬೇಕು, ಊರ ಮಕ್ಕಳ ಜ್ವರ ನೋಡಬೇಕು. ಅಂಥವಳ ಮುಂದೆ ಹೋಗಿ, ನಮ್ಮ ಹುಡುಗಿ ನೌಕರಿ ಬಿಡಲೋ ಬ್ಯಾಡವೋ ಅಂತ ಕೇಳಿದರೆ ಅವಳಾದರೂ ಏನು ಹೇಳಿಯಾಳು? ಅವಳು ಯಾವತ್ತಾದರೂ ನೌಕರಿಗೆ ಹೋಗಿದ್ದಾಳೆಯೇ?

ಹುಡುಗಿ ಅಂದರೆ ನನ್ನ ಮೊಮ್ಮಗಳು ಚೈತ್ರಾ. ಹರಿಹರದ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ, ಕಾಯಂ. ಬೆಳಿಗ್ಗೆ ಶಾಮನೂರಿನ ನಮ್ಮ ಮನೆಯಿಂದ ಡಬ್ಬಿ ಹಿಡಿದು ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಸ್ಸಿಳಿದು ಬರುತ್ತಾಳೆ. ನೌಕರಿ ಕೆಟ್ಟದ್ದೇನಲ್ಲ. ನೆರಳಿನ ಕೆಲಸ, ತಿಂಗಳಾದರೆ ಸಂಬಳ, ದೀಪಾವಳಿಗೆ ಒಂದು ಡಬ್ಬಿ ಸ್ವೀಟು. ಆದರೆ ಹುಡುಗಿಗೆ ಭಾನುವಾರದ ಹುಚ್ಚು ಹಿಡಿದಿತ್ತು. ಆವರಗೆರೆ ಕಡೆ ಹೊಸ ಲೇಔಟು ಮಾಡಿದ್ದಾರಲ್ಲ, ರೋಡು ಹಾಕಿ ಮನೆ ಏಳದೆ ಖಾಲಿ ಬಿದ್ದಿದೆಯಲ್ಲ, ಅಲ್ಲಿ ಹೆಂಗಸರಿಗೆ ಸ್ಕೂಟಿ ಕಲಿಸುತ್ತಾಳೆ. ಪಕ್ಕದ ಮನೆಯ ಒಬ್ಬಳಿಗೆ ಕಲಿಸಲು ಹೋದದ್ದು, ಈಗ ಹೆಂಗಸರು ಪಾಳಿ ಹಚ್ಚುತ್ತಾರೆ. ಅಲ್ಲೇ ಬೇಲಿ ಹಾಕಿದ ಒಂದು ಮೈದಾನ ಇದೆ. ಅದರ ಯಜಮಾನ, ಬಾಡಿಗೆಗೆ ಬೇಕಾದರೆ ತಗೋಮ್ಮ, ಸೋಮವಾರದೊಳಗೆ ಹೇಳು, ಇಲ್ಲಾಂದ್ರೆ ಇಟ್ಟಿಗೆಯವನಿಗೆ ಕೊಡ್ತೀನಿ ಅಂದನಂತೆ. ನೌಕರಿ ಬಿಟ್ಟು ದಿನಾ ಅದನ್ನೇ ಮಾಡುತ್ತೇನೆ ಅಂತ ಇವಳು. ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಉಣ್ಣಲಿಲ್ಲ, ನನ್ನನ್ನು ಬಿಟ್ಟು.

ಕೊನೆಗೆ ಭಾನುವಾರ ಸಂಜೆ, ದೇವಿಯ ಹತ್ತಿರ ಹೂ ಕೇಳೋಣ ಅಂತ ತೀರ್ಮಾನವಾಯಿತು. ನಮ್ಮ ಕಡೆ ಇದು ಹಳೇ ಪದ್ಧತಿ. ಪೂಜಾರಪ್ಪ ಹೂವನ್ನು ನೀರಲ್ಲಿ ಅದ್ದಿ ದೇವಿಯ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ. ಹಿಂದೆಲ್ಲ ಮನೆಯ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಬಾಯಿಬಿಟ್ಟು ಪ್ರಶ್ನೆ ಇಡುತ್ತಿದ್ದರು. ಈಗ ಹಾಗಿಲ್ಲ. ಒಬ್ಬರು ಕೇಳಿದ್ದು ಇನ್ನೊಬ್ಬರಿಗೆ ನಂಬಿಕೆ ಇಲ್ಲ. "ಮನಸ್ಸಿನಾಗೇ ಬೇಡ್ಕೊಳ್ರಿ" ಅಂದ ಪೂಜಾರಪ್ಪ. ಅಪ್ಪ, ಅವ್ವ, ಮಗಳು ಮೂವರೂ ಸಾಲಾಗಿ ನಿಂತು ಕಣ್ಣು ಮುಚ್ಚಿದರು. ಮೂವರ ತುಟಿಗಳೂ ಅಲ್ಲಾಡಿದವು. ಆಗಲೇ ಫ್ಯಾನು ತಿರುಗಿದ್ದು.

ಬಲಕ್ಕೆ ಬಿತ್ತು ಅಂತ ಮೂವರೂ ಗಲ್ಲಗಲ್ಲ ಬಡಿದುಕೊಂಡು, ಸಕ್ಕರೆ ಹಂಚಿ, ನಗುನಗುತ್ತಾ ಬಂದು ಆಟೋ ಹತ್ತಿದರು. ವಾರದಿಂದ ಮಾತು ಬಿಟ್ಟಿದ್ದ ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನನಗೆ ಆಗಲೇ ಗುಮಾನಿ ಬಂತು.

"ಹೆಂಗೆ ಟಪ್ ಅಂತ ಕೊಟ್ಲು ನೋಡು ತಾಯಿ!" ಅಂದ ನಾಗರಾಜ. "ನಾಳೆ ನೆಮ್ಮದಿಯಾಗಿ ಡ್ಯೂಟಿಗೆ ಹೋಗಮ್ಮ."

"ಡ್ಯೂಟಿಗ್ಯಾಕಪ್ಪ? ಬಿಡು ಅಂತ ಹೂ ಕೊಟ್ಟಾಳಲ್ಲ."

"ಬಿಡು ಅಂತ ಯಾರು ಕೇಳಿದ್ರು? ಕೆಲಸದಾಗೇ ಇರ್ಲೇನವ್ವಾ ಅಂತ ನಾನು ಕೇಳಿದ್ದು."

"ಬಿಡ್ಲೇನವ್ವಾ ಅಂತ ನಾನು ಕೇಳಿದ್ದು."

ಸೊಸೆ ಗಿರಿಜಾ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದಳು, "ಮದುವಿ ಆಗೋ ತನಕ ಇರ್ಲಿ, ಆಮ್ಯಾಲೆ ಬಿಡ್ಲಾ ಅಂತ ನಾನು ಕೇಳಿದೆ."

ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿದ. "ಅಣ್ಣಾರೆ, ಗಾಡಿ ವಾಪಸ್ ಗುಡಿಗೆ ತಿರುಗಿಸ್ಲೇನ್ರಿ?"

"ಮುಂದೆ ನೋಡಿ ಓಡಿಸಪ್ಪ" ಅಂದೆ. ನನಗೆ ನಗು ತಡೆಯಲಿಲ್ಲ. ಅದಕ್ಕೆ ಮೂವರೂ ಸೇರಿ ನನ್ನ ಮೇಲೆ ಸಿಟ್ಟಾದರು. ವಾರದಲ್ಲಿ ಅವರು ಒಟ್ಟಾಗಿ ಮಾಡಿದ ಕೆಲಸ ಅದೊಂದೇ.

ಈ 'ಕಾಯಂ' ಅನ್ನುವ ಮಾತಿನ ಮೇಲೆ ನಮ್ಮ ಜನಕ್ಕೆ ಇರುವ ಮೋಹ ಮಗುವಿನ ಮೇಲೂ ಇರಲಿಕ್ಕಿಲ್ಲ. ಗಂಡಿನ ಕಡೆಯವರು ಬಂದರೆ ಚಾ ಕೈಗೆ ತಗೊಳ್ಳುವ ಮೊದಲೇ, ಹುಡುಗಿ ಕೆಲಸ ಕಾಯಮ್ಮಾ ಅಂತ ಕೇಳುತ್ತಾರೆ. ನಿಮ್ಮ ಹುಡುಗನ ಬುದ್ಧಿ ಕಾಯಮ್ಮಾ ಅಂತ ನಾನೊಮ್ಮೆ ಕೇಳಿದೆ. ಅವರು ಚಾ ಕುಡಿಯದೆ ಎದ್ದು ಹೋದರು. ಆ ಚಾ ನಾನೇ ಕುಡಿದೆ.

ನಮ್ಮ ಯಜಮಾನರು ಹತ್ತಿ ಗಿರಣಿಯಲ್ಲಿ ಕಾಯಂ ಇದ್ದರು. ಆಗ ದಾವಣಗೆರೆಯಲ್ಲಿ ಗಿರಣಿಯವನಿಗೆ ಹೆಣ್ಣು ಕೊಡುವುದು ಅಂದರೆ ಮಗಳನ್ನು ಗೋದಾಮಿನಲ್ಲಿ ಭದ್ರವಾಗಿ ಇಟ್ಟ ಹಾಗೆ. ಗಿರಣಿ ಕೂಗಿದರೆ ಊರು ಏಳುತ್ತಿತ್ತು, ಕೂಗಿದರೆ ಉಣ್ಣುತ್ತಿತ್ತು. ಒಂದು ಬೆಳಿಗ್ಗೆ ಗಿರಣಿ ಕೂಗಲಿಲ್ಲ. ಇವರು ಸ್ನಾನ ಮಾಡಿ ಅಂಗಿ ತೊಟ್ಟು, ಕೂಗೀತು ಅಂತ ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕೂತಿದ್ದರು. ಕೂಗಲೇ ಇಲ್ಲ. ಕಾಯಂ ಆಗಿದ್ದದ್ದು ಇವರು, ಗಿರಣಿಯಲ್ಲ.

ನಾನು ಮಂಡಕ್ಕಿ ಹುರಿಯುವ ಭಟ್ಟಿಗೆ ಹೋಗುತ್ತಿದ್ದೆ. ದಿನಗೂಲಿ. ಸಂಜೆ ಭಟ್ಟಿಯವನು "ನಾಳೆ ಬಾರಮ್ಮ" ಅಂದರೆ ನಾಳೆಗೆ ಕೆಲಸ ಉಂಟು, ಅನ್ನದಿದ್ದರೆ ಇಲ್ಲ. ಆ 'ನಾಳೆ ಬಾರಮ್ಮ' ಅನ್ನುವುದು ನನ್ನ ಮೊಣಕಾಲು ಸೋಲುವವರೆಗೂ ನಡೆಯಿತು. ಹಾಗಂತ ನಾನು ಕೂಲಿಯನ್ನು ಹೊಗಳುವವಳಲ್ಲ. ಜ್ವರ ಬಂದ ದಿನ ಯಾರೂ ಕೂಲಿ ತಂದು ಕೊಡಲಿಲ್ಲ. ಈಗ ನಾವು ಇರುವ ಮನೆಯ ಗೋಡೆ ಎದ್ದದ್ದು ಯಜಮಾನರ ಗಿರಣಿ ಸಂಬಳದಿಂದಲೇ. ಗೋಡೆ ಎಬ್ಬಿಸಿದ್ದು ಕಾಯಂ, ಗೋಡೆಯ ಒಳಗೆ ಒಲೆ ಉರಿಸಿದ್ದು ಕೂಲಿ. ಯಾವುದು ದೊಡ್ಡದು ಅಂತ ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ.

ನನಗೆ ಗೊತ್ತಿದ್ದದ್ದು ಬೇರೆ. ಮನೆಯವರಲ್ಲಿ ಆವರಗೆರೆಗೆ ಹೋಗಿ ಚೈತ್ರಾ ಕಲಿಸುವುದನ್ನು ನೋಡಿದವಳು ನಾನೊಬ್ಬಳೇ. ಮೊದಲ ದಿನ ಅವಳು ಹೆಂಗಸರಿಗೆ ಗಾಡಿಯ ಕೀ ಕೊಡುವುದಿಲ್ಲ, ತನ್ನ ಜೇಬಿನಲ್ಲೇ ಇಟ್ಟುಕೊಳ್ಳುತ್ತಾಳೆ. ಅಲ್ಲಿ ರೋಡು ಸ್ವಲ್ಪ ಇಳಿಜಾರು. ಗಾಡಿಯ ಮೇಲೆ ಕೂರಿಸಿ, ಎರಡೂ ಕಾಲಲ್ಲಿ ನೆಲ ಒದ್ದುಕೊಂಡು ಹೋಗ್ರಿ ಅನ್ನುತ್ತಾಳೆ. "ಇದೇನವ್ವಾ ಕೂಸಿನ ಆಟ, ನಾನೇನು ಅಂಗನವಾಡಿಗೆ ಬಂದೀನಾ?" ಅಂತ ಬಯ್ಯುತ್ತಲೇ ಒದೆಯುತ್ತಾರೆ. ಹೀಗೆ ಒದೆಯುತ್ತಾ ಒದೆಯುತ್ತಾ ಯಾವಾಗಲೋ ಕಾಲು ತಾನಾಗಿ ಮೇಲೆ ಬರುತ್ತದೆ, ಗಾಡಿ ಬೀಳುವುದಿಲ್ಲ. ಆಮೇಲೆ ಕೀ. ಗಂಡಂದಿರು ಕಲಿಸುವುದನ್ನೂ ನೋಡಿದ್ದೇನೆ. ಮೊದಲೇ ಕೀ ತಿರುಗಿಸಿ, ಹಿಂದೆ ಓಡುತ್ತಾ "ಬ್ರೇಕ್, ಬ್ರೇಕ್, ಏ ಬ್ರೇಕ್ ಹಿಡಿಯೇ!" ಅಂತ ಕೂಗುತ್ತಾರೆ. ಹೆಂಡತಿ ಹೋಗಿ ಲೈಟು ಕಂಬಕ್ಕೆ ಗುದ್ದುತ್ತಾಳೆ. ಆಮೇಲೆ ಹತ್ತು ವರ್ಷ ಗಾಡಿ ಮುಟ್ಟುವುದಿಲ್ಲ.

ಕೆ.ಬಿ. ಬಡಾವಣೆಯಲ್ಲಿ ಹೂ ಕಟ್ಟಿ ಮಾರುವ ಒಬ್ಬಳು ಇವಳ ಹತ್ತಿರ ಕಲಿತಳು. ಕಲಿತ ಮಾರನೇ ವಾರ ಯಾರಿಗೂ ಹೇಳದೆ ಹರಿಹರದ ತವರಿಗೆ ಹೋಗಿ, ಅವ್ವನ ಕೈಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದು, ಗಂಡ ಊಟಕ್ಕೆ ಬರುವ ಹೊತ್ತಿಗೆ ವಾಪಸ್ ಬಂದಳಂತೆ. ಅದನ್ನು ನನಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಕಾಶಿಗೆ ಹೋಗಿ ಬಂದವರೂ ಹಾಗೆ ಹೇಳುವುದಿಲ್ಲ.

ಆಟೋ ಇಳಿದು ಮನೆಗೆ ಬಂದಮೇಲೆ ಮೂವರನ್ನೂ ಪಡಸಾಲೆಯಲ್ಲಿ ಕೂರಿಸಿದೆ.

"ಚೈತ್ರಾ, ಹೂ ಎಡಕ್ಕೆ ಬಿದ್ದಿದ್ರೆ ಕೆಲಸದಾಗೇ ಇರ್ತಿದ್ದೇನು?"

"ಇಲ್ಲಜ್ಜಿ. ಮುಂದಿನ ವಾರ ಇನ್ನೊಂದ್ ಗುಡಿಗೆ ಹೋಗಿ ಕೇಳ್ತಿದ್ದೆ."

"ನೀನೇನಪ್ಪಾ? ಎಡಕ್ಕೆ ಬಿದ್ದಿದ್ರೆ ಅವಳಿಗೆ ಕೆಲಸ ಬಿಡೋಕೆ ಬಿಡ್ತಿದ್ದೇನು?"

"ಅದ್ಹೆಂಗೆ ಬಿಡ್ಲಿ ಅವ್ವಾ?"

"ಮತ್ತೆ ಯಾಕ ಆ ತಾಯಿಗೆ ತ್ರಾಸು ಕೊಟ್ರಿ?"

ಕೇಳಲು ಹೋದವರು ಯಾರೂ ಇರಲಿಲ್ಲ ಅಲ್ಲಿ, ಎಲ್ಲರೂ ಹೇಳಲು ಹೋದವರೇ. ದೇವಸ್ಥಾನಕ್ಕೆ ಹೋಗುವ ಬಹಳ ಜನ ಹೀಗೇ ಅಂತ ನನ್ನ ಅನುಮಾನ.

"ಅಲ್ಲವ್ವಾ, ನಾಳೆ ಮೂರು ಜನಾನೂ ಕಲಿಯೋಕೆ ಬರಲಿಲ್ಲ ಅಂದ್ರೆ?" ಅಂದ ನಾಗರಾಜ. ಅವನ ದನಿ ಇಳಿದಿತ್ತು. "ಬಿದ್ಲು ಅಂದ್ರೆ?"

"ಬಿದ್ರೆ ಬೀಳ್ತಾಳೆ. ಒಂದು ವರ್ಷ ಅನ್ನ ಹಾಕೋಕೆ ಕಾಲೇಜಿನಾಗೆ ನಿನ್ನ ಅಟೆಂಡರ್ ಕೆಲಸ ಐತಲ್ಲ. ಅದೂ ಕಾಯಮ್ಮೇ ಅಲ್ವಾ?"

ಅವನು ಮೇಲೆ ಜಂತಿ ನೋಡಿದ. ಚೈತ್ರಾ ತಲೆ ತಗ್ಗಿಸಿ ನಗು ನುಂಗಿದಳು. "ನಗಬ್ಯಾಡ" ಅಂದೆ ಅವಳಿಗೆ. "ಒಂದು ವರ್ಷ ಅಂದೀನಿ. ಅಷ್ಟರಾಗೆ ನಡೀಲಿಲ್ಲ ಅಂದ್ರೆ ಅಳದೆ ಬೇರೆ ಕೆಲಸ ಹುಡುಕ್ಕೋಬೇಕು." ಅವಳು ಹೂಂ ಅಂದಳು. ಈ ಹೂಂ ಫ್ಯಾನಿನದಲ್ಲ, ಅವಳದೇ.

ಗಿರಿಜಾ ಮಾತ್ರ ಕಣ್ಣೊರೆಸಿಕೊಳ್ಳುತ್ತಿದ್ದಳು. "ನಾಕು ಜನ ಕೇಳಿದ್ರೆ ನನ್ನ ಮಗಳು ಏನು ಮಾಡ್ತಾಳೆ ಅಂತ ಹೇಳಲಿ ಅತ್ತೆ? ರೋಡಿನಾಗೆ ನಿಂತಿರ್ತಾಳೆ ಅಂತ ಹೇಳಲಾ?" ಅಂದಳು. ಅವಳ ತಪ್ಪಲ್ಲ. ಮಗಳು ಏನು ಮಾಡುತ್ತಾಳೆ ಅಂತ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನೋಡದೆ ಇರುವುದರ ಬಗ್ಗೆ ಹೆದರಿಕೆ ದೊಡ್ಡದಾಗಿಯೇ ಕಾಣುತ್ತದೆ. ಅದನ್ನು ಮಾತಲ್ಲಿ ಬಿಡಿಸಲು ನನಗೆ ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ಹಾಲಿನವನು ಬರುವ ಮೊದಲೇ ಗಿರಿಜಾಳನ್ನು ಎಬ್ಬಿಸಿದೆ. "ಎಲ್ಲಿಗೆ ಅತ್ತೆ?" ಅಂದಳು. "ಸುಮ್ಮನೆ ಬಾ" ಅಂದೆ. ಆಟೋ ಮಾಡಿಕೊಂಡು ಆವರಗೆರೆ ಲೇಔಟಿಗೆ ಹೋದೆವು. ಚೈತ್ರಾ ನಮಗಿಂತ ಮೊದಲೇ ಸ್ಕೂಟಿಯಲ್ಲಿ ಅಲ್ಲಿಗೆ ಬಂದು, ಮೈದಾನ ತಗೋತೀನಿ ಅಂತ ಅದರ ಯಜಮಾನನಿಗೆ ಫೋನ್ ಮಾಡಿ ಮುಗಿಸಿದ್ದಳು. ಅವ್ವನನ್ನು ನೋಡಿದವಳೇ ಗಾಡಿಯ ಕೀ ತೆಗೆದು ಜೇಬಿಗೆ ಹಾಕಿಕೊಂಡಳು. ನಾಗರಾಜನೂ ಬೈಕಿನಲ್ಲಿ ಹಿಂದೆಯೇ ಬಂದು, ಪೆಟ್ರೋಲ್ ಹಾಕಿಸಲು ಬಂದೆ ಅಂದ. ಆ ಲೇಔಟಿನಲ್ಲಿ ಪೆಟ್ರೋಲ್ ಬಂಕೂ ಇಲ್ಲ, ಚಾದಂಗಡಿಯೂ ಇಲ್ಲ.

ಗಿರಿಜಾಳ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಮೇಲೆ ಕೂರಿಸಿದೆ. ಅವಳು ನನ್ನನ್ನು ಬಯ್ದಳು, ಮಗಳನ್ನು ಬಯ್ದಳು, ನೋಡುತ್ತಾ ನಿಂತ ಗಂಡನನ್ನು ಜಾಸ್ತಿ ಬಯ್ದಳು. ಬಯ್ಯುತ್ತಲೇ ಒಂದು ಸಲ ನೆಲ ಒದ್ದಳು. ಇನ್ನೊಂದು ಸಲ ಒದ್ದಳು. ಗಾಡಿ ಇಳಿಜಾರಿಗೆ ಮೆಲ್ಲಗೆ ಹೊರಟಿತು.

"ಅತ್ತೇ, ಹಿಂದೆ ಹಿಡ್ಕೊಂಡಿದ್ದೀರೇನ್ರೀ?" ಅಂತ ಕೂಗಿದಳು.

"ಹಿಡ್ಕೊಂಡೀನಿ, ಹೋಗು!" ಅಂತ ನಾನು ರೋಡಿನ ಪಕ್ಕದ ಕಲ್ಲಿನ ಮೇಲೆ ಕೂತಲ್ಲಿಂದಲೇ ಕೂಗಿದೆ.