ರಿವರ್ಸ್ ಹಾಕದ ಡ್ರೈವರ್ ಗಾವ್ರಿಲ್

ಗಾವ್ರಿಲ್ ಹ್ರಿಸ್ಕು ಅವರನ್ನು ನಾನು ಮೊದಲು ನೋಡಿದ್ದು ಪೊದುರಿ ಕ್ರೀಡಾಂಗಣದ ಹಿಂದಿನ ಗೇಟಿನಲ್ಲಿ, ಮಾರ್ಚ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ. ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಫುಟ್‌ಬಾಲ್ ತಂಡದ ಬಸ್ಸು ರಸ್ತೆಯ ಕಡೆಗೆ ಮುಖ ಮಾಡಿ ಹೊರಡಲು ಸಿದ್ಧವಾಗಿತ್ತು. ಅವರು ಮರದ ಪೆಟ್ಟಿಗೆಯ ಮೇಲೆ ನಿಂತು ಹಳೇ ಬನಿಯನ್ನಿನ ತುಂಡಿನಿಂದ ಪಕ್ಕದ ಕನ್ನಡಿ ಒರೆಸುತ್ತಿದ್ದರು. ತಲೆಗೆ ಕುರಿಚರ್ಮದ ಟೋಪಿ, ಹೊಗೆಸೊಪ್ಪಿನಿಂದ ಹಳದಿಯಾದ ಮೀಸೆ. ನನ್ನ ಹೆಜ್ಜೆ ಸದ್ದು ಕೇಳಿದರೂ ತಿರುಗಲಿಲ್ಲ. ಕನ್ನಡಿಯಲ್ಲೇ ನನ್ನನ್ನು ನೋಡಿದರು.

"ಯಾರು ಬೇಕು?"

"ಕ್ಲಬ್ಬಿನ ಚರಿತ್ರೆ ಬರೆಯೋಕೆ ಬಂದಿದ್ದೀನಿ. ತಂಡದ ಜೊತೆ ಹೋಗು ಅಂತ ಅಧ್ಯಕ್ಷರು ಕಳಿಸಿದ್ರು."

"ಯಾವೂರು?"

"ವಲೇನಿ."

"ವಲೇನಿಯಲ್ಲಿ ಯಾರ ಮಗಳು?"

ಹೇಳಿದೆ. ಅಪ್ಪನ ಹೆಸರು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಹೆಸರು ಅವರ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು.

"ಚೀಲದಲ್ಲೇನು?"

"ಅಕ್ರೋಟು. ಅಮ್ಮ ಕೊಟ್ಟಿದ್ದು."

ಕೆಳಗಿಳಿದು ಬಂದು ಚೀಲದೊಳಗೆ ಇಣುಕಿದರು. ಒಂದು ಅಕ್ರೋಟು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ವಾಪಸ್ ಹಾಕಿದರು.

"ಅಕ್ರೋಟು ಹತ್ತಬಹುದು. ನೀನು ಹತ್ತೋ ಹಾಗಿಲ್ಲ. ಹೆಂಗಸರು ತಂಡದ ಬಸ್ ಹತ್ತಲ್ಲ."

"ಯಾಕೆ?"

"ಇದುವರೆಗೂ ಹತ್ತಿಲ್ಲ, ಅದಕ್ಕೆ."

ನಾನು ಹಿಂದಿದ್ದ ಸಾಮಾನಿನ ವ್ಯಾನ್ ಹತ್ತಿದೆ. ಅದನ್ನು ಓಡಿಸುತ್ತಿದ್ದವರು ಬೂಟು, ಬಟ್ಟೆ, ಚೆಂಡು ನೋಡಿಕೊಳ್ಳುವ ಮುದುಕ ಪೆತ್ರಾಕೆ.

"ಬೇಜಾರು ಮಾಡ್ಕೋಬೇಡಮ್ಮ. ಅವನು ಹೆಂಡ್ತೀನೂ ಹತ್ತಿಸಿದೋನಲ್ಲ. ಇನ್ನೊಂದಿದೆ, ನೋಡ್ತಿರು. ಆಟಗಾರರು ಒಳಗೆ ಕೂತಿದ್ರೆ ರಿವರ್ಸ್ ಹಾಕಲ್ಲ. ಬಸ್ಸು ಹಿಂದಕ್ಕೆ ಹೋದ್ರೆ ತಂಡಾನೂ ಹಿಂದಕ್ಕೆ ಹೋಗುತ್ತೆ."

"ಹಾಕಲೇಬೇಕಾಗಿ ಬಂದ್ರೆ?"

"ಎಲ್ಲರನ್ನೂ ಇಳಿಸ್ತಾನೆ. ಖಾಲಿ ಬಸ್ಸನ್ನ ಹಿಂದಕ್ಕೆ ತಗೊಂಡು ಮತ್ತೆ ಹತ್ತಿಸ್ಕೋತಾನೆ. ಮೊಣಕಾಲುದ್ದ ಹಿಮದಲ್ಲೂ ಇಳಿಸಿದಾನೆ, ಮಹಾರಾಯ."

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಒಪ್ಪಿಕೊಂಡ ಕೆಲಸ ಸರಿಯಾಗಿ ಆಗಬೇಕೆಂದು ಆ ವಸಂತವೆಲ್ಲ ಹಳಬರನ್ನು ಕೇಳಿ ಕೇಳಿ ಬರೆದುಕೊಂಡೆ. ಕ್ಲಬ್ಬು ಹುಟ್ಟಿದ್ದು ಹೆಂಚಿನ ಕಾರ್ಖಾನೆಯಲ್ಲಿ. ಬೆಳಗಿನ ಪಾಳಿಯಲ್ಲಿ ಗೂಡಿನ ಮುಂದೆ ಬೆಂದವರು ಮಧ್ಯಾಹ್ನ ಚೆಂಡು ಒದೆಯುತ್ತಿದ್ದರು, ಅಂಗಿಯೂ ಹೆಂಚಿನ ಬಣ್ಣದ್ದೇ. ವಾರವಿಡೀ ಕಾರ್ಮಿಕರನ್ನು ಸಾಗಿಸುತ್ತಿದ್ದ ಗಾವ್ರಿಲ್ ಭಾನುವಾರ ಅವರಲ್ಲೇ ಹನ್ನೊಂದು ಜನರನ್ನು ಆಟಕ್ಕೆ ಕರೆದೊಯ್ಯುತ್ತಿದ್ದರು. ಕಾರ್ಖಾನೆ ಮುಚ್ಚಿತು. ರಾಜಧಾನಿಯ ಮರದ ವ್ಯಾಪಾರಿಯೊಬ್ಬ ಕ್ಲಬ್ಬು ಕೊಂಡು ಅಂಗಿಯನ್ನು ಹಸಿರು ಮಾಡಿದ, ಬೇಸರವಾದಾಗ ಬಿಟ್ಟು ಹೋದ. ಆಮೇಲೆ ನಗರಸಭೆ ವಹಿಸಿಕೊಂಡು ನೀಲಿ ಮಾಡಿತು. ಬಸ್ಸಿನ ಬಾಗಿಲ ಬಳಿ ಬಣ್ಣ ಕಿತ್ತಲ್ಲಿ ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಂಪು ಕಾಣುತ್ತಿತ್ತು. ಗಾವ್ರಿಲ್ ಅಲ್ಲಿಗೆ ಯಾರಿಗೂ ಬಣ್ಣ ಬಳಿಯಲು ಬಿಡುತ್ತಿರಲಿಲ್ಲ.

ಆಟಗಾರರಂತೂ ಎಲ್ಲೆಲ್ಲಿಂದಲೋ ಬಂದವರು. ಸೆರ್ಬಿಯಾದವರು, ಸೆನೆಗಲ್‌ನವರು, ದೊಡ್ಡ ಕ್ಲಬ್ಬುಗಳು ಒಂದು ವರ್ಷಕ್ಕೆಂದು ಕಡ ಕೊಟ್ಟ ಹುಡುಗರು. ಪೊದುರಿಯವನು ಎಂದರೆ ಗೋಲ್‌ಕೀಪರ್ ರಾರೆಷ್ ಒಬ್ಬನೇ, ಗೂಡಿನ ಕೆಲಸಗಾರನ ಮೊಮ್ಮಗ. ಡ್ರೈವರ್ ಹಿಂದಿನ ಸೀಟು ಯಾವಾಗಲೂ ಅವನಿಗೇ ಮೀಸಲು.

ಆ ಕ್ಲಬ್ಬಿನಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಹೊರಗಿನ ಊರಿಗೆ ಹೋದರೆ ನಮ್ಮದೇ ನೀರು, ನಮ್ಮದೇ ಬ್ರೆಡ್ಡು. ಯಾರು ಆಡುತ್ತಾರೆಂದು ಕೋಚ್ ಹೇಳುತ್ತಿದ್ದದ್ದು ಬಸ್ಸಿನ ಬಾಗಿಲು ಮುಚ್ಚಿದ ಮೇಲೆ. ಎರಡು ತಿಂಗಳಲ್ಲಿ ನನಗೂ ಆ ಚಾಳಿ ಅಂಟಿತು. ಇಬ್ಬರು ಪಿಸುಗುಟ್ಟಿದರೆ ಸಾಕು, ಕಿವಿ ನೆಟ್ಟಗಾಗುತ್ತಿತ್ತು.

ಮೇ ತಿಂಗಳ ಕೊನೆಯ ಪಂದ್ಯ ವಾದೆನಿಯಲ್ಲಿ. ಸಮ ಮಾಡಿಕೊಂಡಿದ್ದರೂ ನಾವು ಎರಡನೇ ದರ್ಜೆಯಲ್ಲಿ ಉಳಿಯುತ್ತಿದ್ದೆವು. ಸುರಿಮಳೆ. ಹೊಳೆ ಉಕ್ಕಿದೆ ಎಂದು ಪೊಲೀಸರು ದೊಡ್ಡ ಸೇತುವೆ ಮುಚ್ಚಿ ನಮ್ಮನ್ನು ಒಂದು ಓಣಿಗೆ ತಿರುಗಿಸಿದರು. ಓಣಿಯ ತುದಿಯಲ್ಲಿದ್ದ ಸಣ್ಣ ಸೇತುವೆಗೂ ಕಲ್ಲು ಅಡ್ಡ ಇಟ್ಟಿದ್ದರು. ಬಸ್ಸು ನಿಂತಿತು. ಹಿಂದೆ ನಮ್ಮ ವ್ಯಾನ್.

"ಈಗ ಇಳಿಸ್ತಾನೆ ನೋಡು," ಎಂದರು ಪೆತ್ರಾಕೆ.

ಹಿಂದಿನ ಗಾಜಿನಲ್ಲಿ ಆಟಗಾರರು ಎದ್ದು ಜಾಕೆಟ್ ಹಾಕಿಕೊಳ್ಳುವುದು ಕಾಣುತ್ತಿತ್ತು. ಆದರೆ ಬಾಗಿಲು ತೆರೆಯಲಿಲ್ಲ. ಬಸ್ಸಿನ ಹಿಂಬದಿಯಲ್ಲಿ ಬಿಳಿ ದೀಪ ಹೊತ್ತಿತು. ಅಷ್ಟು ದೊಡ್ಡ ಬಸ್ಸು ಮೆಲ್ಲಗೆ ನಮ್ಮ ಕಡೆಗೇ ಬಂತು. ಪೆತ್ರಾಕೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು.

"ಮುಗೀತು," ಎಂದು ವ್ಯಾನನ್ನೂ ಹಿಂದಕ್ಕೆ ತೆಗೆದರು.

ತಡವಾಗಿ ತಲುಪಿದ್ದರಿಂದ ಮೈ ಬಿಸಿ ಮಾಡಿಕೊಳ್ಳಲೂ ಸಮಯ ಸಿಗಲಿಲ್ಲ. ಮೂಲೆಯಿಂದ ಬಂದ ಒಂದು ಚೆಂಡಿಗೆ ರಾರೆಷ್ ಜಿಗಿಯಲೇ ಇಲ್ಲ, ನಿಂತಲ್ಲೇ ನಿಂತಿದ್ದ. ಅದೊಂದೇ ಗೋಲು. ನಾವು ಮೂರನೇ ದರ್ಜೆಗೆ ಇಳಿದೆವು.

ಮರುದಿನ ಬ್ರೆಡ್ ಅಂಗಡಿಯ ಸಾಲಿನಲ್ಲಿ ಅದೇ ಮಾತು.

"ಜೀವಮಾನದಲ್ಲಿ ಹಾಕದೋನು ಅವತ್ತೇ ಯಾಕೆ ಹಾಕ್ದ?"

"ವಾದೆನಿ ಕೋಚ್ ಅವನ ಧರ್ಮಪುತ್ರ ಕಣಯ್ಯ. ಆ ಕೋಚ್ ಮದುವೇಲಿ ತಂದೆ ಥರ ಪಕ್ಕದಲ್ಲಿ ಮೇಣದಬತ್ತಿ ಹಿಡ್ಕೊಂಡು ನಿಂತಿದ್ದೋನು ಇವನೇ."

"ಹಾಗನ್ನು ಮತ್ತೆ."

"ಆ ವಲೇನಿ ಹುಡುಗಿ ಬಂದಾಗಿಂದ್ಲೂ ಕ್ಲಬ್ಬು ಸರಿ ಇಲ್ಲ ಬಿಡಿ," ಎಂದಳೊಬ್ಬಾಕೆ, ನಾನು ಹಿಂದೆಯೇ ಇದ್ದೇನೆಂದು ನೋಡದೆ.

ಅಧ್ಯಕ್ಷ ಬಾಲಾಬಾನ್ ಬಸ್ಸಿನ ಕೀಲಿ ಕಿತ್ತುಕೊಂಡರು. ನಾಲ್ಕು ದಿನ ಬಿಟ್ಟು ನನ್ನನ್ನು ಕರೆದು, "ಪುಸ್ತಕದಲ್ಲಿ ಬರಿ, ಡ್ರೈವರ್ ನಮ್ಮನ್ನ ಮಾರಿದ ಅಂತ. ಹೆಸರು ಹಾಕೇ ಬರಿ," ಎಂದರು.

ಹಾಗೆ ಅಚ್ಚಾದರೆ ಪೊದುರಿಯಲ್ಲಿ ಗಾವ್ರಿಲ್ ಕೈಗೆ ಯಾರೂ ಇನ್ನೊಂದು ಸ್ಟೀರಿಂಗ್ ಕೊಡುವುದಿಲ್ಲ. ಆ ಕೈಗಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅವರನ್ನೇ ಕೇಳಿ ಬರೆಯುತ್ತೇನೆಂದು ಹೇಳಿ ಅವರ ಮನೆಗೆ ಹೋದೆ.

ಅವರ ಹೆಂಡತಿ ಪರಸ್ಕಿವಾ ಹುಳಿ ಸೂಪು ಬಡಿಸಿದರು. ಗೋಡೆಯ ಮೇಲೆ ಧರ್ಮಪುತ್ರನ ಮದುವೆಯ ಫೋಟೋ. ಅದನ್ನು ನೋಡುತ್ತಲೇ ಕೇಳಿದೆ:

"ಯಾಕೆ ಹಾಕಿದ್ರಿ, ನ್ಯಾ ಗಾವ್ರಿಲ್?" ನಮ್ಮಲ್ಲಿ ಹಿರಿಯ ಗಂಡಸರನ್ನು ಹಾಗೇ ಕರೆಯುವುದು.

"ಮಳೆ ಇತ್ತು."

"ಹಿಮದಲ್ಲೂ ಇಳಿಸಿದೋರು ನೀವು."

ಚಮಚ ನಿಂತಿತು. "ಕೇಳೋಕೆ ಬಂದಿದೀಯೋ, ಹೇಳೋಕೆ ಬಂದಿದೀಯೋ? ರಿವರ್ಸ್ ಹಾಕಿದ್ದು ನಾನು. ಅಷ್ಟು ಬರ್ಕೋ. ಸೂಪು ಆರುತ್ತೆ, ಕುಡಿ."

ವಾಪಸ್ ಬರುವಾಗ ಒಂದು ವಿಷಯ ನೆನಪಾಯಿತು. ವಾದೆನಿಯಲ್ಲಿ ಬಸ್ಸಿನಿಂದ ಕೊನೆಗೆ ಇಳಿದವನು ರಾರೆಷ್. ಗಾವ್ರಿಲ್ ಅವರ ಹೆಗಲ ಮೇಲೆ ಕೈಯಿಟ್ಟು, ಕಿವಿಯಲ್ಲಿ ಏನೋ ಹೇಳುತ್ತಾ ಒಳಗೆ ಹೋಗಿದ್ದ. ಜಿಗಿಯದ ಗೋಲ್‌ಕೀಪರ್, ರಿವರ್ಸ್ ಹಾಕಿದ ಡ್ರೈವರ್. ಇಬ್ಬರೂ ಸೇರಿಯೇ ಮಾರಿದ್ದಾರೆ ಎಂದುಕೊಂಡೆ. ನೇರ ರಾರೆಷ್ ಮನೆಗೆ ಹೋದೆ.

ಅವನು ಅಂಗಳದ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಊತ ಇಳಿಯಲೆಂದು ಕಾಲಿನ ಹರಡಿಗೆ ಎಲೆಕೋಸಿನ ಎಲೆಗಳನ್ನು ಸುತ್ತಿ ಬಟ್ಟೆ ಕಟ್ಟಿದ್ದರು. ಎಲೆಯ ಅಂಚಿನಲ್ಲಿ ಕಾಣುತ್ತಿದ್ದ ಚರ್ಮ ನೀಲಿಗಟ್ಟಿ ಆಗಲೇ ಹಳದಿಗೆ ತಿರುಗುತ್ತಿತ್ತು. ನಿನ್ನೆ ಮೊನ್ನೆಯ ಪೆಟ್ಟಲ್ಲ.

"ಯಾವಾಗ ಆಗಿದ್ದು?"

"ಮ್ಯಾಚಿನ ಹಿಂದಿನ ದಿನ. ನೆಲಮಾಳಿಗೆ ಮೆಟ್ಟಿಲಲ್ಲಿ ಜಾರಿದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬಸ್ಸಲ್ಲಿ ಕೂತೆ. ನ್ಯಾ ಗಾವ್ರಿಲ್ ಒಬ್ಬರೇ ನೋಡಿದ್ದು. ಯಾರಿಗೂ ಹೇಳ್ಬೇಡಿ, ಇವತ್ತು ನನ್ನ ನೋಡೋಕೆ ದೊಡ್ಡ ಕ್ಲಬ್ಬಿನೋರು ಬರ್ತಾರೆ ಅಂದೆ. ಆ ಓಣಿಯಲ್ಲಿ ಇಳಿದು ನಡೆದಿದ್ರೆ ಕುಂಟೋದು ನೋಡಿ ಕೋಚ್ ನನ್ನ ಆಡಿಸ್ತಿರಲಿಲ್ಲ."

"ಊರೆಲ್ಲ ಅವರನ್ನ ಉಗೀತಿದೆ. ನೀನು ಸುಮ್ಮನಿದ್ದೀಯಾ?"

"ಬಾಯಿ ಬಿಡಬೇಡ ಅಂದೋರು ಅವರೇ. ನಿನ್ನ ಹೆಸರು ಕೆಟ್ರೆ ಯಾವ ಕ್ಲಬ್ಬೂ ತಗೊಳ್ಳಲ್ಲ, ನಂದು ಕೆಟ್ರೆ ಬಸ್ಸೇನೂ ಅಳಲ್ಲ ಅಂದ್ರು." ಅವನು ನನ್ನ ಮುಖ ನೋಡಲಿಲ್ಲ.

ಮತ್ತೆ ಗಾವ್ರಿಲ್ ಮನೆಗೆ ಹೋದಾಗ ಅವರು ಬೇಲಿಯ ಬಳಿ ದ್ರಾಕ್ಷಿ ಬಳ್ಳಿ ಕಟ್ಟುತ್ತಿದ್ದರು.

"ಕಾಲು ನೋಡಿ ಬಂದೆ," ಎಂದೆ.

ದಾರದ ಉಂಡೆಯನ್ನು ಜೇಬಿಗಿಳಿಸಿದರು. "ಬರೀತೀಯಾ?"

"ಮಾರಿದ್ರು ಅಂತ ಬರಿ ಅಂತಿದ್ದಾರೆ ಅಧ್ಯಕ್ಷರು."

"ಮಾರಿಲ್ಲ. ಸೋಲಿಸಿದ್ದು ನಾನೇ ಇರಬಹುದು. ಇಳಿಸಿದ್ರೆ ಆ ಸೆನೆಗಲ್ ಹುಡುಗ ಗೋಲಲ್ಲಿ ನಿಲ್ತಿದ್ದ. ಅವನಿಗೆ ಆ ಚೆಂಡು ಸಿಕ್ತಿತ್ತು." ಬಳ್ಳಿಯ ಕಡೆ ತಿರುಗಿದರು. "ಹನ್ನೊಂದು ಜನರಲ್ಲಿ ನಮ್ಮೂರೋನು ಒಬ್ಬನೂ ಇಲ್ಲ ಅಂದ್ರೆ, ನಾನು ಓಡಿಸ್ತಿರೋದು ಯಾರ ಬಸ್ಸು, ಹೇಳು. ಹುಡುಗನ ಕಾಲಿನ ವಿಷಯ ಬರೀಬೇಡ."

ರಾರೆಷ್ ಆಟ ಆಡುವವರೆಗೂ ನಾನು ಅದನ್ನು ಎಲ್ಲೂ ಹೇಳಲಿಲ್ಲ. ಪುಸ್ತಕದಲ್ಲಿ ಒಂದೇ ವಾಕ್ಯ ಬರೆದೆ: ಸೇತುವೆ ಮುಚ್ಚಿದ್ದರಿಂದ ಚಾಲಕ ಗಾವ್ರಿಲ್ ಹ್ರಿಸ್ಕು ಬಸ್ಸನ್ನು ಹಿಂದಕ್ಕೆ ತೆಗೆದರು.

ಬಾಲಾಬಾನ್ ಅದನ್ನು ಓದಿ ಕಣ್ಣು ಕಿರಿದು ಮಾಡಿದರು. "ನೀನೂ ಅವನ ಕಡೇನಾ?"

"ಮಾರಿದ್ದನ್ನ ನೋಡಿದೋರೊಬ್ಬರನ್ನ ಕರ್ಕೊಂಡು ಬನ್ನಿ ಸಾರ್. ಅವರ ಹೆಸರೂ ಹಾಕಿ ಬರೀತೀನಿ."

ಬ್ರೆಡ್ ಅಂಗಡಿಯ ಸಾಲಿನಿಂದ ಒಬ್ಬರೂ ಬರಲಿಲ್ಲ. ವಾಕ್ಯ ಹಾಗೆಯೇ ಅಚ್ಚಾಯಿತು. ಬೇಸಿಗೆಯಲ್ಲಿ ರಾರೆಷ್ ಇನ್ನೊಂದು ಜಿಲ್ಲೆಯ ಕ್ಲಬ್ಬಿಗೆ ಹೋದ. ಈಗ ಆಟ ಬಿಟ್ಟಿದ್ದಾನೆ, ಇದನ್ನು ಬರೆಯಲು ಒಪ್ಪಿದ್ದಾನೆ. ತಂಡದ ಬಸ್ಸಿನ ಕೀಲಿ ಗಾವ್ರಿಲ್‌ಗೆ ವಾಪಸ್ ಸಿಗಲಿಲ್ಲ. ಆದರೆ ಅಚ್ಚಿನಲ್ಲಿ ಅವರ ಮೇಲೆ ಅಪವಾದ ಇಲ್ಲದ್ದರಿಂದ ನಗರ ಸಾರಿಗೆಯವರು ಕೆಲಸ ಕೊಟ್ಟರು.

ಅವರೀಗ ನಾಲ್ಕನೇ ನಂಬರಿನ ಬಸ್ಸು ಓಡಿಸುತ್ತಾರೆ, ರೈಲು ನಿಲ್ದಾಣದಿಂದ ಸ್ಮಶಾನದವರೆಗೆ. ಸ್ಮಶಾನದ ಬಳಿ ಬಸ್ಸು ತಿರುಗಿಸಲು ಜಾಗವಿಲ್ಲ, ಪ್ರತಿ ಸಲವೂ ರಿವರ್ಸ್ ಹಾಕಬೇಕು. ಕ್ಲಬ್ಬಿನ ಹಳೇ ಅಭಿಮಾನಿಗಳು ಕೆಲವರು ಒಂದು ನಿಲ್ದಾಣ ಮೊದಲೇ ಇಳಿದು ನಡೆದು ಹೋಗುತ್ತಾರೆ. ಅವರು ಇಳಿಯುವವರೆಗೆ ಗಾವ್ರಿಲ್ ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಾರೆ.