ಕೌದಿಯ ವಿಡಿಯೊ, ಕೊನೆಯ ನಲವತ್ತು ಸೆಕೆಂಡು

ನಮ್ಮ ಬಳಗದಲ್ಲಿ ಯಾರ ವಿಡಿಯೊ ಕೆಟ್ಟರೂ ಅದು ನನ್ನ ಹತ್ತಿರ ಬರುತ್ತದೆ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲ ಒಂದಿತ್ತು. ಈಗ ತಪ್ಪೊಪ್ಪಿಗೆಯ ಹಾಗೆ ಹೇಳುತ್ತಿದ್ದೇನೆ. ನಾನು ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಶಾಲೆ ಮುಚ್ಚಿ ಮೊಬೈಲಿನಲ್ಲೇ ಪಾಠ ನಡೆದ ದಿನಗಳಲ್ಲಿ ಪುಕ್ಕಟೆ ಸಿಗುವ ಎಡಿಟಿಂಗ್ ಸಾಫ್ಟ್‌ವೇರ್ ಒಂದನ್ನು ಇಳಿಸಿಕೊಂಡು, ವರ್ಗಮೂಲದ ಪಾಠಕ್ಕೆ ಹಿನ್ನೆಲೆ ಸಂಗೀತ ಹಾಕುವಷ್ಟು ಮುಂದುವರಿದಿದ್ದೆ. ಮಕ್ಕಳು ಶಾಲೆಗೆ ವಾಪಸು ಬಂದರು, ನನ್ನ ಚಟ ಮಾತ್ರ ಹೋಗಲಿಲ್ಲ. ಸತ್ಯನಾರಾಯಣಪೇಟೆಯ ನಮ್ಮ ನಡುಮನೆಯಲ್ಲಿ ಭಾನುವಾರ ತಿಂಡಿಯಾದ ಮೇಲೆ ನಾನು ಲ್ಯಾಪ್‌ಟಾಪ್ ತೆರೆದರೆ, ನನ್ನ ಹೆಂಡತಿ “ಡಾಕ್ಟ್ರು ಕುಂತ್ರು, ಇನ್ನ ಮಧ್ಯಾಹ್ನದ ತನಕ ಯಾರೂ ಮಾತಾಡಂಗಿಲ್ಲ” ಅಂದು ಒಳಗೆ ಹೋಗುತ್ತಾಳೆ.

ಈ ವೈದ್ಯಕೀಯದಲ್ಲಿ ನಾನು ಕಲಿತ ಮೊದಲ ಪಾಠ, ವಿಡಿಯೊದ ಹೆಸರಿಗೂ ಅದರ ಒಳಗಿರುವುದಕ್ಕೂ ನಂಟು ಕಡಿಮೆ ಎನ್ನುವುದು. ಹೆಸರಿನ ಕೊನೆಯಲ್ಲಿರುವ ಮೂರು ಅಕ್ಷರ ಬರೀ ಡಬ್ಬಿಯ ಮೇಲಿನ ಚೀಟಿ. ಒಳಗೆ ಚಿತ್ರವನ್ನು ಯಾವ ರೀತಿ ಒತ್ತಿ ತುಂಬಿದ್ದಾರೆ ಎನ್ನುವುದು ಬೇರೆಯೇ ವಿಚಾರ. ಇದು ತಿಳಿಯುವ ಮೊದಲು, ಓಡದ ವಿಡಿಯೊಗಳಿಗೆಲ್ಲ ನಾನು ಚೀಟಿ ಬದಲಿಸಿ ಬದಲಿಸಿ ಹಚ್ಚುತ್ತಿದ್ದೆ. ಉಪ್ಪಿನ ಡಬ್ಬಿಗೆ ಸಕ್ಕರೆ ಎಂದು ಬರೆದು ಚಹಾಕ್ಕೆ ಹಾಕಿಕೊಂಡವನ ಗತಿ ಏನಾಗುತ್ತದೋ ನನ್ನದೂ ಅದೇ ಆಗುತ್ತಿತ್ತು.

ಎರಡನೆಯ ಪಾಠ, ಹೀಗೆ ಒತ್ತಿ ತುಂಬುವುದು ಹೇಗೆ ಎನ್ನುವುದು. ವಿಡಿಯೊ ಎಂದರೆ ಸಾಲಾಗಿ ಜೋಡಿಸಿದ ಫೋಟೊಗಳು ಎಂದು ನಾವು ತಿಳಿದಿರುತ್ತೇವೆ. ಎಲ್ಲವನ್ನೂ ಪೂರ್ತಿ ಇಟ್ಟುಕೊಂಡರೆ ಯಾವ ಫೋನಿನಲ್ಲೂ ಜಾಗ ಸಾಲದು. ಆದ್ದರಿಂದ ಯಂತ್ರ ಆಗೊಮ್ಮೆ ಈಗೊಮ್ಮೆ ಒಂದು ಚಿತ್ರವನ್ನು ಮಾತ್ರ ಪೂರ್ತಿ ಬರೆದುಕೊಳ್ಳುತ್ತದೆ. ನಡುವಿನವುಗಳಲ್ಲಿ ಏನು ಅಲುಗಾಡಿತೋ ಅಷ್ಟನ್ನೇ ಗುರುತು ಹಾಕಿಕೊಂಡು, ಸುಮ್ಮನೆ ಇದ್ದದ್ದನ್ನು ಹಳೆಯ ಚಿತ್ರದಿಂದಲೇ ತೆಗೆದು ತೋರಿಸುತ್ತದೆ. ಜಾಗ ಇನ್ನೂ ಕಡಿಮೆಯಾದರೆ ಸಣ್ಣ ಅಲುಗಾಟಗಳನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮೂರ ಹತ್ತಿರದ ಸಂಗನಕಲ್ಲಿನ ಗುಡ್ಡದಲ್ಲಿ ಸಾವಿರಾರು ವರ್ಷದ ಹಿಂದೆ ಬಂಡೆಯ ಮೇಲೆ ಎತ್ತುಗಳನ್ನು ಕುಟ್ಟಿ ಬಿಡಿಸಿದವರೂ ಇದನ್ನೇ ಮಾಡಿದ್ದರಲ್ಲ ಎಂದು ನಾನು ಮಕ್ಕಳಿಗೆ ಹೇಳುವುದುಂಟು. ಕೋಡು, ಬೆನ್ನ ಮೇಲಿನ ಇಣಿ, ನಾಲ್ಕು ಕಾಲು, ಅಷ್ಟೇ. ಕಣ್ಣು, ಮೈಯ ಕೂದಲು, ಬಾಲದ ಮೇಲಿನ ನೊಣ ಎಲ್ಲವನ್ನೂ ನೋಡುವವರಿಗೇ ಬಿಟ್ಟರು. ಯಾವ ಎತ್ತು ಎಂದು ಕೇಳುವವನು ಈಗ ಇಲ್ಲವಾದ್ದರಿಂದ ಅಲ್ಲಿ ಯಾರಿಗೂ ನಷ್ಟವಾಗಿಲ್ಲ.

ನಷ್ಟವಾದದ್ದು ನಮ್ಮ ಮನೆಯಲ್ಲಿ, ಅದೂ ನನ್ನ ಕೈಯಿಂದ.

ನನ್ನ ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟಿತ್ತು. ಭಾವ ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮೂವತ್ತು ವರ್ಷ ಆ ಸದ್ದಿನ ನಡುವೆ ನಿಂತು ನಿಂತು ಅವರ ಎರಡೂ ಕಿವಿ ಹೋದವು. ಮಕ್ಕಳಿಲ್ಲ, ಭಾವನ ತಮ್ಮನ ಸಂಸಾರದ ಜೊತೆ ಒಂದೇ ಮನೆಯಲ್ಲಿ ಇದ್ದರು. ನಾವು ಹೋದಾಗ ಭಾವನ ಕಿವಿಯ ಹತ್ತಿರ ಕೂಗಿ ಕ್ಷೇಮ ವಿಚಾರಿಸುತ್ತಿದ್ದೆವು. ಅವರು ನಕ್ಕು ತಲೆಯಾಡಿಸುತ್ತಿದ್ದರು. ಅಕ್ಕ ಮಾತ್ರ ಕೂಗಿದ್ದನ್ನು ನಾವ್ಯಾರೂ ಕೇಳಿದ್ದಿಲ್ಲ. ಗಂಡ ಹೆಂಡತಿಯ ನಡುವೆ ಮಾತುಕತೆಯೇ ಇಲ್ಲ, ಪಾಪ, ಏನೋ ಹೊಂದಿಕೊಂಡು ಹೋಗುತ್ತಿದ್ದಾಳೆ ಎಂದು ಬಳಗದಲ್ಲಿ ಎಲ್ಲರೂ ನಂಬಿದ್ದೆವು. ನನ್ನ ತಾಯಿ ಈ ಕೊರಗಿನಲ್ಲೇ ಹೋದಳು.

ಅಕ್ಕ ತೀರಿಕೊಂಡದ್ದು ಕುರುಗೋಡಿನಲ್ಲಿ. ಅದು ನಮ್ಮ ತವರೂರು. ಅಲ್ಲಿ ನಮ್ಮ ಮನೆಯ ಗೋಡೆಗೆ ಹೊಂದಿದ ಮನೆ ಹುಸೇನ್‌ಬೀಯದು. ಅಕ್ಕನಿಗಿಂತ ಎರಡು ವರ್ಷ ಚಿಕ್ಕವಳು, ಸಣ್ಣಂದಿನಿಂದ ಒಟ್ಟಿಗೆ ಹೊಲಿಗೆ ಕಲಿತವರು. ಹುಸೇನ್‌ಬೀಗೆ ಮೊಮ್ಮಗಳು ಹುಟ್ಟಿದಾಗ, ಕೂಸಿಗೆ ಹಳೆಯ ಸೀರೆಗಳ ಕೌದಿ ಹೊಲಿದುಕೊಡಲು ಅಕ್ಕ ಹತ್ತು ದಿನಕ್ಕೆಂದು ಹೋದಳು. ಕೌದಿ ಹೊಲಿಯುವುದು ಹೇಗೆ ಎಂದು ಮನೆಯ ಹೆಣ್ಣುಮಕ್ಕಳೆಲ್ಲ ವಾಟ್ಸಾಪ್ ಗ್ರೂಪಿನಲ್ಲಿ ಕೇಳುತ್ತಿದ್ದರು. ಅದಕ್ಕೆ ಕೊನೆಯ ಅಂಚು ಹೊಲಿಯುವ ದಿನ ಹುಸೇನ್‌ಬೀ ತನ್ನ ಫೋನಿನಲ್ಲಿ ಆರು ನಿಮಿಷದ ವಿಡಿಯೊ ಮಾಡಿ ಅಕ್ಕನಿಗೆ ಕಳಿಸಿದಳು, ಅಕ್ಕ ಅದನ್ನು ಬಳಗದ ಗ್ರೂಪಿಗೆ ಹಾಕಿದಳು. ಮರುದಿನ ಎದೆನೋವು ಎಂದು ಕೂತವಳು ಏಳಲಿಲ್ಲ.

ವರ್ಷ ತುಂಬುವ ದಿನಕ್ಕೆ ಆ ವಿಡಿಯೊವನ್ನು ಚೆನ್ನಾಗಿ ಮಾಡಿಕೊಂಡು ಬಾ ಎಂದು ಭಾವನ ತಮ್ಮ ಫೋನ್ ಮಾಡಿ ಹೇಳಿದರು. ಭಾವನ ಹತ್ತಿರ ಇರುವುದು ವಿಡಿಯೊ ಓಡದ ಹಳೆಯ ಗುಂಡಿಯ ಫೋನು. ಅವರು ಆ ವಿಡಿಯೊವನ್ನು ಒಮ್ಮೆಯೂ ನೋಡಿರಲಿಲ್ಲ. ನಾವೂ ತೋರಿಸಿರಲಿಲ್ಲ. ಕಿವಿ ಕೇಳದವರಿಗೆ ಏನು ತೋರಿಸುವುದು ಎಂದು ಯಾರೂ ಬಾಯಿಬಿಟ್ಟು ಅಂದಿರಲಿಲ್ಲವಾದರೂ ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಅದೇ.

ಗ್ರೂಪಿನಿಂದ ಇಳಿಸಿಕೊಂಡ ಪ್ರತಿಯನ್ನು ಸಾಫ್ಟ್‌ವೇರಿಗೆ ಹಾಕಿದೆ. ಮೊದಲ ನಿಮಿಷ ಸರಿಯಾಗಿತ್ತು. ಮೂರನೆಯ ನಿಮಿಷಕ್ಕೆ ಬರುವ ಹೊತ್ತಿಗೆ ಅಕ್ಕನ ಕೈ ಸೂಜಿಗೆ ದಾರ ಪೋಣಿಸಿ ಮುಗಿಸಿದ ಮೇಲೆ “ಈಗ ದಾರ ಪೋಣಸ್ಬೇಕು” ಎಂಬ ದನಿ ಕೇಳುತ್ತಿತ್ತು. ಇದು ಮೊಬೈಲ್ ವಿಡಿಯೊಗಳ ಸಾಮಾನ್ಯ ಕಾಯಿಲೆ. ಫೋನು ಬೆಳಕು ನೋಡಿಕೊಂಡು ಒಂದು ಸೆಕೆಂಡಿಗೆ ಒಮ್ಮೆ ಮೂವತ್ತು ಚಿತ್ರ, ಒಮ್ಮೆ ಇಪ್ಪತ್ತನಾಲ್ಕು ಚಿತ್ರ ತೆಗೆಯುತ್ತದೆ; ಮನೆಯಲ್ಲಿ ಬಳಸುವ ಸಾಫ್ಟ್‌ವೇರು ಎಲ್ಲ ಸೆಕೆಂಡೂ ಸಮ ಎಂದು ನಂಬಿ ಜೋಡಿಸುತ್ತದೆ. ಬೇರೊಂದು ಸಾಫ್ಟ್‌ವೇರಿನಲ್ಲಿ ಹಾಯಿಸಿ ವೇಗವನ್ನು ಒಂದೇ ಸಮ ಮಾಡಿಕೊಂಡರೆ ದನಿಯೂ ತುಟಿಯೂ ಕೂಡುತ್ತವೆ. ಎರಡು ಭಾನುವಾರ ಹಿಡಿಯಿತು, ಕೂಡಿದವು.

ಕೂಡದೆ ಉಳಿದದ್ದು ಕೊನೆಯ ನಲವತ್ತು ಸೆಕೆಂಡು. ಅಲ್ಲಿ ಅಕ್ಕ ಮುಗಿದ ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿ, ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು, ನೇರ ನಮ್ಮ ಕಡೆ ತಿರುಗುತ್ತಾಳೆ. ತುಟಿ ಅಲ್ಲಾಡುತ್ತವೆ. ದನಿ ಇಲ್ಲ. ನಾನು ಸದ್ದು ಏರಿಸಿದೆ. ಧ್ವನಿಯನ್ನು ಬೇರೆ ಕಡತವಾಗಿ ತೆಗೆದು ನೋಡಿದೆ. ಮೂರು ಬಗೆಯಲ್ಲಿ ಪರಿವರ್ತಿಸಿದೆ. ಒಳಗಿನ ಕೋಣೆಯಿಂದ ಕುಕ್ಕರಿನ ಸೀಟಿ ಸ್ಪಷ್ಟವಾಗಿ ಬರುತ್ತದೆ, ಹೊರಗೆ ಒಂದು ಮೇಕೆ ಕೂಗುತ್ತದೆ, ಅಕ್ಕನ ಮಾತು ಮಾತ್ರ ಇಲ್ಲ. ಫೋನು ಗದ್ದಲ ಸೋಸುವ ಭರದಲ್ಲಿ ಅಕ್ಕನ ದನಿಯನ್ನೂ ಗದ್ದಲವೆಂದು ತೆಗೆದುಹಾಕಿದೆ ಎಂದು ತೀರ್ಮಾನಿಸಿದೆ. ಸೀಟಿ ಉಳಿಸಿ ಮಾತನ್ನು ಎಸೆಯುವ ಯಂತ್ರ ಎಲ್ಲಾದರೂ ಉಂಟೇ ಎಂದು, ಇಪ್ಪತ್ತಾರು ವರ್ಷ ಮಕ್ಕಳಿಗೆ ತರ್ಕ ಕಲಿಸಿದ ನನಗೆ ಹೊಳೆಯಲಿಲ್ಲ. ಸರಿಯಾಗದ್ದನ್ನು ತೋರಿಸಿ ಹೆಸರು ಕೆಡಿಸಿಕೊಳ್ಳುವುದೇಕೆ ಎಂದು ಆ ನಲವತ್ತು ಸೆಕೆಂಡನ್ನು ಕತ್ತರಿಸಿ, ಅಕ್ಕ ನಮ್ಮ ಕಡೆ ತಿರುಗುವಲ್ಲಿಗೆ ನಿಲ್ಲಿಸಿ, ಕೆಳಗೆ ಹೂವಿನ ಬಳ್ಳಿಯ ಚಿತ್ರ ಬಿಟ್ಟೆ.

ವರ್ಷದ ದಿನ ಸಿರುಗುಪ್ಪದಲ್ಲಿ ಪೂಜೆ, ಊಟ ಎಲ್ಲ ಆದ ಮೇಲೆ ಟಿವಿಗೆ ಪೆನ್‌ಡ್ರೈವ್ ಹಾಕಿದೆ. ಅಕ್ಕನ ದನಿ ಮನೆ ತುಂಬಿತು. ಹೆಂಗಸರು ಅತ್ತರು. ನಾನೂ ಅತ್ತೆ, ಆದರೆ ದನಿ ತುಟಿಗೆ ಕೂಡಿದೆಯೇ ಎಂದು ಗಮನಿಸುತ್ತಲೇ ಅತ್ತೆ. ಭಾವ ಟಿವಿಯ ಹತ್ತಿರಕ್ಕೇ ಚಾಪೆ ಎಳೆದುಕೊಂಡು ಕೂತಿದ್ದರು. ಹೂವಿನ ಬಳ್ಳಿ ಬಂದು ನಿಂತಾಗ ಎಲ್ಲರೂ ಎದ್ದರು, ಅವರು ಏಳಲಿಲ್ಲ.

“ಮುಂದ?” ಎಂದರು ನನ್ನ ಕಡೆ ತಿರುಗಿ. “ಈಗ ಏನೋ ಅನ್ನಾಕ ಹತ್ತಿದ್ಲಲ್ಲ.”

ನಾನು ಅವರ ಕಿವಿಗೆ ಬಾಯಿಟ್ಟು, ಅಲ್ಲಿ ಶಬ್ದ ಹೋಗೈತಿ, ಅದಕ್ಕ ಕತ್ತರಿಸಿದೆ ಎಂದು ಕೂಗಿದೆ. ಅವರು ನನ್ನ ಮುಖವನ್ನು ದೂರ ಸರಿಸಿ, ಮತ್ತೊಮ್ಮೆ ಹೇಳು ಎಂಬಂತೆ ನನ್ನ ಬಾಯಿಯನ್ನೇ ನೋಡಿದರು. ಮೆಲ್ಲಗೆ ಹೇಳಿದೆ. ಅರ್ಥವಾಯಿತು.

“ನನಗ ಶಬ್ದ ತಗೊಂಡು ಏನ್ ಮಾಡೋದೈತೋ ತಮ್ಮ?” ಎಂದರು.

ಆಮೇಲೆ ಅವರೇ ವಿವರಿಸಿದರು. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅವರಲ್ಲಿ ಕಂಡಿರಲಿಲ್ಲ. “ಗಿರಣ್ಯಾಗ ಕೂಗಿದ್ರ ಏನು ಬಂತು? ಅಲ್ಲಿ ಕೆಲಸದವ್ರೆಲ್ಲ ಬಾಯಿ ನೋಡೇ ಮಾತಾಡ್ತಿದ್ವಿ. ಕಿವಿ ಹೋದ ಮ್ಯಾಲ ಮನ್ಯಾಗೂ ಅದ ರೂಢಿ ಆತು. ನಿಮ್ಮಕ್ಕ ನನ್ನ ಕೂಡ ಮಾತಾಡೂ ಮುಂದ ದನಿ ತಗೀತಿದ್ದಿಲ್ಲ. ನೀವೆಲ್ಲ ಕುಂತಾಗನೂ ಮಾತಾಡ್ತಿದ್ಲು.”

ನಾವೆಲ್ಲ ಕೂತಾಗಲೂ ಮಾತಾಡುತ್ತಿದ್ದಳು. ಊಟಕ್ಕೆ ಬಡಿಸುವಾಗ, ಬಸ್ಸಿಗೆ ಕಳಿಸುವಾಗ, ನಾವು ಪಾಪ ಎಂದುಕೊಂಡು ನಿಟ್ಟುಸಿರು ಬಿಡುವಾಗ. ನಾನು ಅವಳ ಮುಖವನ್ನು ಒಮ್ಮೆ ಪೂರ್ತಿ ನೋಡಿದ್ದು ಬಹುಶಃ ಅವಳ ಮದುವೆಯಲ್ಲಿ. ಆಮೇಲೆ ಮೂವತ್ತು ವರ್ಷ ಆ ಹಳೆಯ ಚಿತ್ರವನ್ನೇ ತೆಗೆದು ನೋಡಿಕೊಂಡು ಬಂದಿದ್ದೆ. ಯಂತ್ರ ಜಾಗ ಉಳಿಸಲು ಹೀಗೆ ಮಾಡುತ್ತದೆ. ನನಗೆ ಯಾವ ಜಾಗ ಕಡಿಮೆಯಾಗಿತ್ತೋ ತಿಳಿಯದು. ನಾಚಿಕೆಯಾಯಿತು.

ನನ್ನ ಫೋನಿನಲ್ಲಿದ್ದ ಗ್ರೂಪಿನ ಪ್ರತಿಯನ್ನು ಭಾವನ ಕೈಗೆ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ನೋಡಿದರು. ಕಳಿಸುವಾಗ ಒಮ್ಮೆ, ಮುಂದಕ್ಕೆ ಹಾಕುವಾಗ ಇನ್ನೊಮ್ಮೆ ಅದುಮಿಸಿಕೊಂಡ ಚಿತ್ರ ಅದು. ಕೈಬೆರಳುಗಳು ದೊಡ್ಡದಾಗಿ ಅಲ್ಲಾಡುವುದರಿಂದ ಉಳಿದುಕೊಂಡಿದ್ದವು. ತುಟಿಯ ಅಲುಗಾಟ ಸಣ್ಣದು, ಅದು ಚೌಕ ಚೌಕ ಬಣ್ಣವಾಗಿ ಕಲಸಿಹೋಗಿತ್ತು. ಭಾವ ನಾಲ್ಕು ಸಲ ನೋಡಿ ಫೋನ್ ವಾಪಸು ಕೊಟ್ಟರು. “ತುಟಿ ಅಲ್ಲಾಡ್ತಾವ, ಮಾತು ಹುಟ್ಟವಲ್ದು” ಎಂದು ಎದ್ದು ಹಿತ್ತಲಿಗೆ ಹೋದರು.

ಮುಂದಿನ ಭಾನುವಾರ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ವಿಡಿಯೊ ತೆಗೆದವಳು ಹುಸೇನ್‌ಬೀ, ಅವಳು ನಮ್ಮ ಗ್ರೂಪಿನಲ್ಲಿ ಇಲ್ಲ. ಇಡೀ ವರ್ಷ ಅವಳನ್ನು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಮೂಲ ವಿಡಿಯೊ ಅವಳ ಫೋನಿನಲ್ಲಿ ಹಾಗೇ ಇತ್ತು. ಜಾಗ ಇಲ್ಲವೆಂದು ಫೋನು ದಿನಾ ಅಳುತ್ತದಂತೆ. ಮೊಮ್ಮಗಳ ಫೋಟೊ ತೆಗೆಯಲು ಹಳೆಯದನ್ನೆಲ್ಲ ಅಳಿಸಿದ್ದಾಳೆ, ಇದೊಂದನ್ನು ಬಿಟ್ಟು.

“ಅಕ್ಕನ್ನ ಅಳಸಾಕ ಕೈ ಬರಲಿಲ್ಲಣ್ಣ” ಎಂದಳು. ಕೊನೆಯಲ್ಲಿ ಅಕ್ಕ ಏನು ಹೇಳಿದಳು ಎಂದು ಕೇಳಿದೆ. “ಅದು ಬಾವಗ ಹೇಳಿದ್ದು. ನಾ ಕೇಳಲಿಲ್ಲ, ಅದು ಅವರಿಬ್ಬರದಲ್ಲ? ಮಣ್ಣು ಮಾಡಿದ ದಿನ ನನಗ ಬಾಯೇ ಬರಲಿಲ್ಲ. ಆಮ್ಯಾಲ ನೀವೆಲ್ಲ ತೋರಿಸಿರ್ತೀರಿ ಅನ್ಕೊಂಡೆ.”

ಅಲ್ಲೇ ಜಗುಲಿಯಲ್ಲಿ ಕೂತು ಅದನ್ನು ಲ್ಯಾಪ್‌ಟಾಪಿಗೆ ಇಳಿಸಿ ತೆರೆದೆ. ಹೊಸ ಬಗೆಯಲ್ಲಿ ಅದುಮಿದ ವಿಡಿಯೊ, ನನ್ನ ಹಳೆಯ ಸಾಫ್ಟ್‌ವೇರಿಗೆ ಅದರ ಭಾಷೆ ಬರುವುದಿಲ್ಲ. ಪರದೆ ಕಪ್ಪು, ಧ್ವನಿ ಮಾತ್ರ ಬಂತು. ಭಾವನಿಗೆ ಬೇಡವಾದದ್ದಷ್ಟನ್ನೇ ನನ್ನ ಯಂತ್ರ ಕಷ್ಟಪಟ್ಟು ಒದಗಿಸಿತ್ತು. ಇದಕ್ಕೆ ಮದ್ದು ಇಲ್ಲದೆ ಇಲ್ಲ. ಪರಿವರ್ತಿಸಬಹುದು, ಆದರೆ ಪ್ರತಿ ಪರಿವರ್ತನೆಯಲ್ಲೂ ಒಂದಿಷ್ಟು ಸೋರುತ್ತದೆ. ಸಾಕು, ಇನ್ನು ಇದಕ್ಕೆ ಕೈ ಹಚ್ಚುವುದಿಲ್ಲ ಎಂದು ಲ್ಯಾಪ್‌ಟಾಪ್ ಮುಚ್ಚಿದೆ. ಫೋನನ್ನೇ ಒಂದು ದಿನದ ಮಟ್ಟಿಗೆ ಕೊಡು ಎಂದು ಹುಸೇನ್‌ಬೀಯನ್ನು ಕೇಳಿದೆ. ಅವಳು ಬುರ್ಖಾ ಹಾಕಿಕೊಂಡು ಹೊರಗೆ ಬಂದು, “ಫೋನ್ ಕೊಡಂಗಿಲ್ಲ, ನಾನ ಬರ್ತೀನಿ ನಡೀರಿ” ಎಂದಳು.

ಸಿರುಗುಪ್ಪ ಮುಟ್ಟಿದಾಗ ಮಧ್ಯಾಹ್ನ ಎರಡು. ಭಾವ ಹೊಸ್ತಿಲ ಬೆಳಕಿಗೆ ಬಂದು ಕೂತು ಫೋನ್ ಹಿಡಿದರು. ಹುಸೇನ್‌ಬೀ ಕೊನೆಯ ಭಾಗಕ್ಕೆ ಬೆರಳಿನಿಂದ ಎಳೆದು ಕೊಟ್ಟಳು. ನಾನು ಭಾವನ ಹಿಂದೆ ನಿಂತು ನೋಡಿದೆ. ಅಕ್ಕನ ತುಟಿಯ ಸುಕ್ಕು, ಮುಂದಿನ ಎರಡು ಹಲ್ಲಿನ ನಡುವಿನ ಸಂದಿ, ಎಲ್ಲ ಇತ್ತು. ಆ ಸಂದಿ ಇತ್ತೆಂಬುದನ್ನೇ ನಾನು ಮರೆತಿದ್ದೆ. ಭಾವ ಅದನ್ನು ಮೂರು ಸಲ ನೋಡಿದರು. ಎರಡನೆಯ ಸಲ ಅವರ ತುಟಿಗಳೂ ಅಲ್ಲಾಡಿದವು. ಅಕ್ಕ ಮಾತು ನಿಲ್ಲಿಸಿದ ಕಡೆ ಇವರದು ಶುರುವಾಗುತ್ತಿತ್ತು.

ಏನಂದಳು ಎಂದು ಕೇಳಲು ನನಗೆ ಧೈರ್ಯ ಸಾಲದೆ ಅವರ ಎದುರು ಬಂದು ಕೂತೆ. ಅವರೇ ಹೇಳಿದರು. “ಕೌದಿ ಮುಗೀತು, ನಾಡಿದ್ದು ಬರ್ತೀನಿ ಅಂದ್ಲು. ನೀಲಿ ಅಂಗಿ ಗುಂಡಿ ಕಿತ್ತಾವು, ಹಾಕ್ಕೋಬ್ಯಾಡ, ನಾ ಬಂದು ಹಚ್ತೀನಿ ಅಂದ್ಲು.” ಫೋನ್ ಮಡಿಲಿಗೆ ಇಟ್ಟುಕೊಂಡು, “ಇನ್ನೊಂದು ಮಾತೈತಿ, ಅದು ನಿಮಗಲ್ಲ” ಎಂದರು.

ಹುಸೇನ್‌ಬೀ ಕಣ್ಣೊರೆಸಿಕೊಂಡು, ಅಂಗಿ ಕೊಡ್ರಿ ಬಾವ, ನನ್ನ ಹತ್ರ ಸೂಜಿ ಐತಿ ಎಂದಳು. ಅವಳು ಹೇಳುವಾಗ ಭಾವ ಅವಳ ಬಾಯಿಯನ್ನೇ ನೋಡುತ್ತಿದ್ದರು.

“ಇರ್ಲಿ ಬಿಡವ್ವ. ನಾ ಬಂದು ಹಚ್ತೀನಿ ಅಂದಾಳಲ್ಲ” ಎಂದರು. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು.

ಈಗಲೂ ಬಳಗದವರು ತಮ್ಮ ಕೆಟ್ಟ ವಿಡಿಯೊಗಳನ್ನು ಕಳಿಸುತ್ತಾರೆ, ನಾನು ನೋಡಿಕೊಡುತ್ತೇನೆ. ಧ್ವನಿ ಇಲ್ಲದ ಕಡೆ ಮೊದಲು ನಿಜಕ್ಕೂ ಏನಾದರೂ ಕೆಟ್ಟಿದೆಯೇ ಎಂದು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತೇನೆ. ಕಳೆದ ಭಾನುವಾರ ನಾನು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾಗ ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಏನೋ ಅಂದಳು. ಎಂದಿನಂತೆ ಹೂಂ ಅನ್ನಬೇಕಿತ್ತು. ಲ್ಯಾಪ್‌ಟಾಪ್ ಮುಚ್ಚಿ ಅವಳ ಮುಖ ನೋಡಿದೆ. ಎಡಗಣ್ಣಿನ ಕೆಳಗೆ ಒಂದು ಹೊಸ ಮಚ್ಚೆ ಇತ್ತು. ಹೊಸದಲ್ಲದಿರಬಹುದು.

“ಏನಾತ್ರಿ, ಹಂಗ ನೋಡಾಕ ಹತ್ತೀರಿ?” ಎಂದಳು.

“ಏನಿಲ್ಲ. ಇನ್ನೊಮ್ಮೆ ಹೇಳು” ಎಂದೆ.